ಅರ್ಧ ಪುಟದ ವರದಿ

ಸೆಕ್ರೆಟರಿ ಕೇಳಿದ್ದು ಅರ್ಧ ಪುಟ:
ತೀರಿಹೋದ ದೊರೆರಾಜರ ಪಿಸ್ತೂಲನ್ನು
ಕ್ಲಬ್ಬು ಇಟ್ಟುಕೊಳ್ಳಬಹುದೋ,
ಒಪ್ಪಿಸಿ ಕೈತೊಳೆಯಬೇಕೋ.
ಮೂವತ್ತೊಂದು ವರ್ಷ ಪೊಲೀಸ್ ಆರ್ಮರಿಯಲ್ಲಿ
ಬಂದೂಕಿನ ಹೊಟ್ಟೆ ಬಿಚ್ಚಿ ಹೊಲಿದವನು,
ಹೇಳಿಯಾನು ಎಂದು ಅವರ ನಂಬಿಕೆ.

ಕೆಜಿಎಫ್. ಬೆಳಿಗ್ಗೆ ಏಳು.
ರೇಂಜಿನ ಬೆನ್ನಿಗೆ ಸೈನೈಡ್ ದಿಬ್ಬ.
ಚಿನ್ನ ಹಿಂಡಿ ಬಿಸಾಕಿದ ಬೂದುಮಣ್ಣು
ಈಗ ಸೀಸ ತಿಂದು ಬದುಕುತ್ತದೆ,
ಎಷ್ಟು ಬಡಿಸಿದರೂ ಸಾಕೆನ್ನದು.

ಪೆಟ್ಟಿಗೆ ತೆರೆದೆ.
ನಲವತ್ನಾಲ್ಕು ಮ್ಯಾಗ್ನಮ್, ಸೆಮಿ ಆಟೊಮ್ಯಾಟಿಕ್.
ತೂಕ ಎರಡು ಕಿಲೋ.
ಎರಡು ಕಿಲೋ ಟೊಮೇಟೊ ಮಂಡಿಯಿಂದ ತಂದವರು
ಭಾರವೇನು ಅಂದಾರು;
ಅದೇ ಚೀಲವನ್ನು ತೋಳು ಚಾಚಿ
ಮೂಗಿನ ನೇರಕ್ಕೆ ಹಿಡಿದು
ಉಸಿರು ಕಟ್ಟಿ ನಿಲ್ಲಲಿ, ನೋಡೋಣ.
ಹಿಡಿ ದಪ್ಪ, ಹಸಿ ಇಟ್ಟಿಗೆ ಅಪ್ಪಿದಂತೆ.
ನನ್ನ ಹೆಬ್ಬೆರಳು ಸೇಫ್ಟಿಯನ್ನು ಮುಟ್ಟಲು
ಅರ್ಧ ಅಂಗುಲ ಸಾಲ ಕೇಳಿತು.

ಬರಿ ಸೀಸದ ಗುಂಡು ಇದಕ್ಕೆ ಸೇರದು,
ಗ್ಯಾಸಿನ ಕಿಂಡಿ ಕಟ್ಟಿಕೊಳ್ಳುತ್ತದೆ.
ತಾಮ್ರದ ಅಂಗಿ ತೊಟ್ಟವೇ ಬೇಕು.
ದೊರೆ ಊಟದ ರುಚಿ.
ಒಂದು ತೋಟಾ ಬೆಲೆಗೆ
ನಮ್ಮ ಹುಡುಗರು ಏರ್ ಪಿಸ್ತೂಲಿನಲ್ಲಿ
ಒಂದು ವಾರ ಕಲಿಯುತ್ತಾರೆ.
(ಇದನ್ನು ವರದಿಯಲ್ಲಿ ಬರೆದೆ, ಅಡಿಗೆರೆ ಎಳೆದು.)

ಮರಳಿನ ಚೀಲಕ್ಕೆ ಒರಗಿಸಿ ಹೊಡೆದೆ.
ಇಪ್ಪತ್ತೈದು ಮೀಟರಿನಲ್ಲಿ
ಏಳೂ ಗುಂಡು ಒಂದು ಟೀ ಸಾಸರಿನೊಳಗೆ.
ಯಂತ್ರಕ್ಕೆ ಸುಳ್ಳು ಗೊತ್ತಿಲ್ಲ.
ಒಂದು ಖಾಲಿ ಕೋಶ ಮಾತ್ರ ಹಿಂದಕ್ಕೆ ಹಾರಿ
ನನ್ನ ಬೋಳು ತಲೆಗೆ ಬಿಸಿ ಮುದ್ರೆ ಒತ್ತಿತು.

ಆಮೇಲೆ ಬರಿಗೈಯಲ್ಲಿ.
ಮ್ಯಾಗಜಿನ್ ತುಂಬಿಕೊಟ್ಟವಳು ಯಾಳಿನಿ,
ಹದಿನೇಳು ವರ್ಷ, ಜಿಲ್ಲಾ ಜೂನಿಯರ್ ತಂಡ.
ಮೊದಲ ಗುಂಡಿಗೆ ಮಣಿಕಟ್ಟಿನಿಂದ ಮೊಣಕೈಗೆ
ಯಾರೋ ಬಾಗಿಲು ದೂಡಿಕೊಂಡು ಬಂದರು.
ಎರಡು. ಮೂರು.
ನಾಲ್ಕನೆಯದಕ್ಕೆ ಟ್ರಿಗರ್ ಒತ್ತಿದೆ,
ಟಿಕ್ ಅಂತಷ್ಟೇ.
ಸದ್ದಿಲ್ಲ, ಹೊಗೆಯಿಲ್ಲ,
ಮೂತಿ ಮಾತ್ರ ನೆಲಕ್ಕೆ ಬಾಗಿತು,
ಕೇಳುವ ಮೊದಲೇ ಹೂಂ ಅನ್ನುವ
ಕೋಲೆಬಸವನ ಹಾಗೆ.

ಹುಡುಗಿ ನಡುವೆ ಒಂದು ಡಮ್ಮಿ ಸೇರಿಸಿದ್ದಳು.
ನಮಗೆ ಕಲಿಸಿದ್ದು ನೀವೇ ಅಲ್ವಾ ಅಂಕಲ್, ಅಂದಳು,
ನಗದಿರಲು ತುಟಿ ಕಚ್ಚಿ.
ಮೂವತ್ತೊಂದು ವರ್ಷ
ನಾನು ಬೆದರಿದ್ದನ್ನು ಯಾರೂ ಕಂಡಿರಲಿಲ್ಲ.
ನಾನೂ.

ಡಮ್ಮಿ ತೆಗೆದು ಉಳಿದ ಮೂರನ್ನೂ ಮುಗಿಸಿದೆ, ಹಟಕ್ಕೆ.
ಕಿವಿಮುಚ್ಚಿಗೆ ತೆಗೆದು ತಿರುಗಿದರೆ
ಗೇಟಿನಲ್ಲಿ ಅಂಜಲೈಯಮ್ಮ,
ಲೈನ್ ಮನೆಯಿಂದ ಬರಿಗಾಲಲ್ಲೇ ಬಂದವಳು,
ಬೆರಳ ಸಂದಿಯಲ್ಲಿ ದೋಸೆ ಹಿಟ್ಟು ಒಣಗುತ್ತಿದೆ.
ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು.
ಆದರೂ ಕೇಳಿದಳು, ನನ್ನನ್ನಲ್ಲ,
ನನ್ನ ಕಾಲ ಕೆಳಗಿನ ನೆಲವನ್ನು ನೋಡುತ್ತ:
ಯಾವ ಶಾಫ್ಟಪ್ಪಾ?
ಎಷ್ಟು ಜನ ಇದ್ರು ಒಳಗೆ?

ನಾನು ಪೆದ್ದನ ಹಾಗೆ, ಆರಮ್ಮ, ಅಂದುಬಿಟ್ಟೆ,
ಹೊಡೆದ ಗುಂಡಿನ ಲೆಕ್ಕ.

ಯಾಳಿನಿ ಓಡಿಹೋಗಿ ಗುರಿಯ ಕಾಗದ ಬಿಚ್ಚಿ ತಂದಳು,
ಅಜ್ಜಿ, ನೋಡು, ಬರೀ ಕಾಗದ, ಆಟ.
ಮುದುಕಿ ಅದನ್ನು ಬಿಸಿಲಿಗೆ ಹಿಡಿದು
ಒಂದೊಂದೇ ತೂತಿಗೆ ಕಿರುಬೆರಳು ತೂರಿಸಿ
ಎಣಿಸಿದಳು, ತಮಿಳಿನಲ್ಲಿ, ಬಾಯೊಳಗೆ.
ಆಮೇಲೆ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿ,
ಐದೇ ಐತಲ್ಲ, ಅಂದಳು.
ಇನ್ನೊಬ್ಬ?

ಆ ಗುಂಡು ದಿಬ್ಬದಲ್ಲೆಲ್ಲೋ ಹೂತಿದೆ.
ವರದಿಗಾಗಿ ಸೆಕ್ರೆಟರಿ ಎರಡು ಸಲ ಫೋನ್ ಮಾಡಿದರು.
ತೂಕ, ಹಿಡಿ, ನಿಖರತೆ, ಖರ್ಚು, ಎಲ್ಲ ತುಂಬಿದ್ದೇನೆ.
ಶಬ್ದ ಎಂಬ ಕಲಮ್ಮಿನ ಎದುರು
ಪೆನ್ನು ಊರಿದ ಒಂದು ಚುಕ್ಕೆ ಇದೆ.